ಪೆಟ್ಟು ಮಿದುಳಿಗೆ, ಕತ್ತರಿ ಸೊಂಟಕ್ಕೆ: ಕಾಲಿನ ಬಿಗಿತಕ್ಕೆ ಮಾಡುವ ಆಪರೇಷನ್‌ಗಳು

ಏಳು ತಿಂಗಳಿಗೇ ಹುಟ್ಟಿದ ಮಗು. ಎರಡು ವರ್ಷ ತುಂಬಿದರೂ ನಡೆದಿಲ್ಲ. ಕೈ ಹಿಡಿದು ನಿಲ್ಲಿಸಿದರೆ ತುದಿಗಾಲಲ್ಲಿ ನಿಲ್ಲುತ್ತದೆ, ಹೆಜ್ಜೆ ಇಡಿಸಹೋದರೆ ಒಂದು ಕಾಲು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಮನೆಯಲ್ಲಿ 'ನರ ಎಳೆದಿದೆ' ಎಂದು ಎಣ್ಣೆ ಹಚ್ಚಿ ನೀವುತ್ತಾರೆ. ಆಸ್ಪತ್ರೆಯಲ್ಲಿ ಎಂ.ಆರ್.ಐ. ಮಾಡಿಸಿ, ಪೆಟ್ಟು ಬಿದ್ದಿರುವುದು ಮಿದುಳಿಗೆ ಎನ್ನುತ್ತಾರೆ. ಚೀಟಿಯಲ್ಲಿ 'ಸೆರೆಬ್ರಲ್ ಪಾಲ್ಸಿ, ಸ್ಪಾಸ್ಟಿಕ್ ಡೈಪ್ಲೀಜಿಯ' ಎಂದಿರುತ್ತದೆ; ಅಂದರೆ ಎಳೆಯ ಮಿದುಳಿಗೆ ಬಿದ್ದ ಪೆಟ್ಟಿನಿಂದ ಬಂದ ಚಲನೆಯ ತೊಂದರೆ, ಅದರಲ್ಲೂ ಮುಖ್ಯವಾಗಿ ಎರಡೂ ಕಾಲಿನ ಬಿಗಿತ. ಕೆಲವು ವರ್ಷ ಕಳೆದು ಆಪರೇಷನ್ ಮಾತು ಬಂದಾಗ ಒಬ್ಬ ಡಾಕ್ಟರು ಹಿಮ್ಮಡಿ ತೋರಿಸುತ್ತಾರೆ, ಇನ್ನೊಬ್ಬರು ಸೊಂಟದ ಹತ್ತಿರ ಬೆನ್ನು ತೋರಿಸುತ್ತಾರೆ, ಮತ್ತೊಬ್ಬರು ಹೊಟ್ಟೆಯ ಚರ್ಮದಡಿ ಪಂಪ್ ಕೂರಿಸುವ ಮಾತಾಡುತ್ತಾರೆ. ಮಿದುಳನ್ನು ಮುಟ್ಟುವ ಮಾತನ್ನು ಮಾತ್ರ ಯಾರೂ ಆಡುವುದಿಲ್ಲ. ಹೆತ್ತವರಿಗೆ ತಲೆ ಕೆಡದೆ ಇರುತ್ತದೆಯೇ?

ಮೂವರೂ ಸರಿಯಾಗಿಯೇ ಹೇಳುತ್ತಿರಬಹುದು. 'ಕಾಲು ಬಿಗಿ' ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವುದರೊಳಗೆ ನರದ ತೊಂದರೆ, ಸ್ನಾಯುವಿನ ತೊಂದರೆ, ಮೂಳೆಯ ತೊಂದರೆ ಎಲ್ಲವೂ ಸೇರಿಕೊಂಡಿರುತ್ತವೆ. ಯಾವುದು ಎಷ್ಟಿದೆ ಎಂದು ಬಿಡಿಸಿ ನೋಡದೆ ಕತ್ತರಿ ಹಿಡಿದರೆ ಮಗು ಮೊದಲಿದ್ದ ಸ್ಥಿತಿಗಿಂತ ಕೆಳಗಿಳಿಯಲೂಬಹುದು.

ಮೊದಲು ನರದ ಲೆಕ್ಕ. ಪ್ರತಿ ಸ್ನಾಯುವಿನೊಳಗೂ ಅದು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂದು ಗಮನಿಸುವ ಸೂಕ್ಷ್ಮ ಅಂಗಗಳಿವೆ. ಸ್ನಾಯು ಫಕ್ಕನೆ ಹಿಗ್ಗಿದರೆ ಅಲ್ಲಿಂದ ಹೊರಟ ಸುದ್ದಿ ಬೆನ್ನುಹುರಿಯ ಹಿಂಬದಿಯ ನರಬೇರಿನ ಮೂಲಕ ಒಳಹೊಗುತ್ತದೆ, 'ಕುಗ್ಗು' ಎಂಬ ಆಜ್ಞೆಯಾಗಿ ಮುಂಬದಿಯ ನರಬೇರಿನಿಂದ ಹೊರಬಿದ್ದು ಅದೇ ಸ್ನಾಯುವಿಗೆ ತಲುಪುತ್ತದೆ. ಮಂಡಿಚಿಪ್ಪಿನ ಕೆಳಗೆ ಡಾಕ್ಟರು ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಎಗರುವುದು ಈ ದಾರಿಯಲ್ಲೇ. ಈ ಸುತ್ತು ನಡೆಯಲು ಮಿದುಳು ಬೇಕಿಲ್ಲ. ಆದರೆ ಅದು ಅತಿಯಾಗದಂತೆ ಹದ್ದುಬಸ್ತಿನಲ್ಲಿ ಇಡುವುದು ಮಿದುಳೇ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ, ಮಿದುಳಿನ ನಡುವೆ ನೀರು ತುಂಬಿದ ಕೋಣೆಗಳ ಅಂಚಿನ ಬಿಳಿಭಾಗಕ್ಕೆ ಸುಲಭವಾಗಿ ಘಾಸಿಯಾಗುತ್ತದೆ. ಕಾಲಿಗೆ ಹೋಗುವ ತಂತುಗಳು ಆ ಅಂಚಿಗೆ ತೀರ ಹತ್ತಿರದಲ್ಲಿ ಹಾದುಹೋಗುತ್ತವೆ, ಕೈಗೆ ಹೋಗುವವು ತುಸು ದೂರದಲ್ಲಿ. ಈ ಮಕ್ಕಳಲ್ಲಿ ಕೈ ಎಷ್ಟೋ ವಾಸಿ ಇದ್ದು ಕಾಲು ಮಾತ್ರ ಸಿಕ್ಕಿಬೀಳುವುದು ಈ ಕಾರಣಕ್ಕೆ.

ಮೇಲಿನ ಹಿಡಿತ ತಪ್ಪಿದಾಗ ಸಣ್ಣ ಎಳೆತಕ್ಕೂ ಸ್ನಾಯು ಸೆಟೆದುಕೊಳ್ಳುತ್ತದೆ. ಆಸ್ಟ್ರೇಲಿಯಾದ ನರವೈದ್ಯ ಜೇಮ್ಸ್ ಲ್ಯಾನ್ಸ್ 1980ರಲ್ಲಿ ಕೊಟ್ಟ ವ್ಯಾಖ್ಯೆಯನ್ನೇ ವೈದ್ಯರು ಈಗಲೂ ಮುಂದಿಡುತ್ತಾರೆ. ಅದರ ತಿರುಳು ಒಂದೇ: ಎಳೆಯುವ ವೇಗ ಹೆಚ್ಚಿದಷ್ಟೂ ಬಿಗಿತ ಹೆಚ್ಚುತ್ತದೆ. ಇದನ್ನು ಫಿಸಿಯೋಥೆರಪಿಸ್ಟ್ ಕೈಯಲ್ಲೇ ನೋಡಬಹುದು. ಮಗುವನ್ನು ಅಂಗಾತ ಮಲಗಿಸಿ, ಪಾದವನ್ನು ಹಿಡಿದು ನಿಧಾನವಾಗಿ ಮೊಣಕಾಲಿನತ್ತ ಮಡಚಿದರೆ ಸಾಕಷ್ಟು ಮೇಲೆ ಬರುತ್ತದೆ. ಅದೇ ಪಾದವನ್ನು ಝಟ್ಟನೆ ಮಡಚಿದರೆ ಅರ್ಧದಾರಿಯಲ್ಲೇ ತಡೆದು ನಿಲ್ಲುತ್ತದೆ. ಕೆಲವೊಮ್ಮೆ ಪಾದ ಪಟಪಟನೆ ಅದುರುತ್ತದೆ. ನಿಧಾನಕ್ಕೆ ಸಿಕ್ಕ ಕೋನಕ್ಕೂ ವೇಗಕ್ಕೆ ಸಿಕ್ಕ ಕೋನಕ್ಕೂ ಅಂತರ ದೊಡ್ಡದಿದ್ದರೆ ಹೆಚ್ಚಿನ ಪಾಲು ನರದ್ದು. ನಿಧಾನವಾಗಿ ಮಡಚಿದರೂ ಪಾದ ಮೇಲೇಳದಿದ್ದರೆ ಸ್ನಾಯುವೇ ಗಿಡ್ಡವಾಗಿದೆ ಎಂದರ್ಥ.

ಈ ಗಿಡ್ಡವಾಗುವುದು ಬೆಳವಣಿಗೆಯ ಜೊತೆಗೇ ಬರುವ ತಾಪತ್ರಯ. ಮೂಳೆ ತನ್ನಷ್ಟಕ್ಕೆ ಉದ್ದವಾಗುತ್ತ ಹೋಗುತ್ತದೆ. ಓಡಾಡಿ, ಕುಣಿದು, ದಿನವಿಡೀ ಹಿಗ್ಗದ ಸ್ನಾಯು ಅದರ ಸಮಕ್ಕೆ ಬೆಳೆಯುವುದಿಲ್ಲ. ಮೂರು ವರ್ಷದಲ್ಲಿ ಬರೀ ನರದ ಬಿಗಿತವಾಗಿದ್ದದ್ದು ಹತ್ತು ವರ್ಷಕ್ಕೆ ನಿಜಕ್ಕೂ ಮೋಟಾದ ಸ್ನಾಯುವಾಗಿರುತ್ತದೆ. ಇವೆರಡನ್ನು ಬೇರ್ಪಡಿಸುವ ಕಡೆಯ ಪರೀಕ್ಷೆ ನಡೆಯುವುದು ಆಪರೇಷನ್ ಟೇಬಲ್ ಮೇಲೆ. ಅರಿವಳಿಕೆ ಪೂರ್ತಿ ಹತ್ತಿದ ಮೇಲೆ ನರದ ಬಿಗಿತ ಮಾಯವಾಗುತ್ತದೆ. ಆಗಲೂ ಹಿಮ್ಮಡಿ ಊರದಿದ್ದರೆ, ಮಂಡಿ ನೆಟ್ಟಗಾಗದಿದ್ದರೆ, ಅಷ್ಟು ಪಾಲು ನರದ್ದಲ್ಲ. ಬೆನ್ನಿನ ನರ ಕತ್ತರಿಸಿದರೂ ಹೊಟ್ಟೆಗೆ ಪಂಪ್ ಕೂರಿಸಿದರೂ ಅದು ಹೋಗುವುದಿಲ್ಲ.

ಆಪರೇಷನ್‌ಗಳ ಚರಿತ್ರೆ ಶುರುವಾಗುವುದು ಹಿಮ್ಮಡಿಯಿಂದ. ವಿಲಿಯಂ ಲಿಟಲ್ ಎಂಬ ಲಂಡನ್ನಿನ ವೈದ್ಯನಿಗೆ ಚಿಕ್ಕಂದಿನಲ್ಲೇ ಒಂದು ಪಾದ ಸೊಟ್ಟಗಾಗಿತ್ತು. 1836ರಲ್ಲಿ ಆತ ಜರ್ಮನಿಯ ಹ್ಯಾನೋವರಿಗೆ ಹೋಗಿ ಸ್ಟ್ರೋಮೆಯರ್ ಎಂಬ ಸರ್ಜನ್ ಕೈಯಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸಿಕೊಂಡು, ವಾಸಿಯಾಗಿ, ಆ ವಿದ್ಯೆಯನ್ನು ಇಂಗ್ಲೆಂಡಿಗೆ ತಂದ. ಮುಂದೆ ಹೆರಿಗೆಯ ತೊಡಕು, ಅವಧಿಗೆ ಮುಂಚಿನ ಹುಟ್ಟು ಮತ್ತು ಮಕ್ಕಳ ಕಾಲಿನ ಬಿಗಿತ ಇವಕ್ಕಿರುವ ನಂಟನ್ನು ವಿವರವಾಗಿ ಬರೆದವನೂ ಅವನೇ. ಸ್ಪಾಸ್ಟಿಕ್ ಡೈಪ್ಲೀಜಿಯ ಬಹುಕಾಲ 'ಲಿಟಲ್ ರೋಗ' ಎಂದೇ ಕರೆಸಿಕೊಂಡಿತು. ರೋಗಿಯೇ ವೈದ್ಯನಾಗಿ ತನ್ನ ಮೇಲೆ ಪ್ರಯೋಗ ಮಾಡಿಸಿಕೊಂಡ ಈ ಕಥೆ ನನಗೆ ಇಷ್ಟ. ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಉಳಿದುಬಂದಿದೆ. ಲಿಟಲ್‌ನ ಪಾದದ ಹಿಂದೆ ಆರೋಗ್ಯವಂತ ಮಿದುಳಿತ್ತು. ಸೆರೆಬ್ರಲ್ ಪಾಲ್ಸಿಯ ಮಗುವಿನ ಪಾದದ ಹಿಂದೆ ಅದಿಲ್ಲ.

ತುದಿಗಾಲಲ್ಲಿ ನಡೆಯುವ ಮಗುವಿನ ಹಿಮ್ಮಡಿರಜ್ಜನ್ನು ಉದ್ದ ಮಾಡಿದರೆ ಅಂದಿಗೆ ಹಿಮ್ಮಡಿ ನೆಲಕ್ಕೆ ತಾಕುತ್ತದೆ, ಮನೆಯವರಿಗೆ ಸಂತೋಷವಾಗುತ್ತದೆ. ಆದರೆ ಮೀನಖಂಡಕ್ಕೆ ಇನ್ನೊಂದು ಕೆಲಸವಿದೆ: ನಾವು ನಿಂತಾಗ ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ಕುಸಿಯದಂತೆ ಹಿಂದಿನಿಂದ ಹಿಡಿದಿರುವುದು ಅದೇ. ರಜ್ಜು ಅತಿಯಾಗಿ ಸಡಿಲವಾದರೆ ಆ ಹಿಡಿತ ಹೋಗಿ, ಮಂಡಿ ಬಾಗಿ, ಸೊಂಟ ಬಾಗಿ, ಮಗು ಕುಕ್ಕರುಗಾಲಿನಂತೆ ಬಗ್ಗಿಕೊಂಡೇ ನಡೆಯತೊಡಗುತ್ತದೆ. ಮೈ ತೂಕ ಏರುವ ಹದಿಹರೆಯದಲ್ಲಿ ಈ ನಡಿಗೆ ದಣಿಸಿ ಹಾಕುತ್ತದೆ, ಮಂಡಿ ನೋವು ತರುತ್ತದೆ. ತುದಿಗಾಲಿಗಿಂತ ಇದನ್ನು ಸರಿಪಡಿಸುವುದು ಎಷ್ಟೋ ಕಷ್ಟ. 'ಹಿಮ್ಮಡಿ ನರ ಬಿಡಿಸಿಬಿಟ್ಟರೆ ಆಯಿತು' ಎಂಬ ಸಲಹೆ ಕೇಳಿದಾಗಲೆಲ್ಲ ನನಗೆ ಭಯವಾಗುವುದು ಇದಕ್ಕೇ.

ಮೀನಖಂಡದಲ್ಲಿ ಇರುವುದೂ ಒಂದೇ ಸ್ನಾಯುವಲ್ಲ. ಹೊರಗಿನದು ಮಂಡಿಯ ಮೇಲಿನಿಂದ ಹೊರಟು ಹಿಮ್ಮಡಿಗೆ ಇಳಿಯುತ್ತದೆ, ಒಳಗಿನದು ಮಂಡಿಯ ಕೆಳಗೇ ಶುರುವಾಗುತ್ತದೆ. ಮಂಡಿ ಮಡಚಿ ಪಾದ ಎತ್ತಿದರೆ ಹೊರಗಿನ ಸ್ನಾಯು ಸಡಿಲವಾಗಿರುತ್ತದೆ. ಮಂಡಿ ಮಡಚಿದಾಗ ಪಾದ ಸಲೀಸಾಗಿ ಮೇಲೆ ಬಂದು, ಮಂಡಿ ನೀಡಿದಾಗ ಬಾರದಿದ್ದರೆ ಗಿಡ್ಡವಾಗಿರುವುದು ಹೊರಗಿನದು ಮಾತ್ರ. ಸ್ವೀಡನ್ನಿನ ಸಿಲ್ಫ್‌ವರ್‌ಶೋಲ್ಡ್ ಹೆಸರಿನಲ್ಲಿ ಕರೆಯುವ ಈ ಪರೀಕ್ಷೆಗೆ ಯಂತ್ರ ಬೇಡ, ಕಾಸು ಬೇಡ, ಎರಡು ಕೈ ಸಾಕು. ಎರಡೂ ಕಾಲು ಬಿಗಿಯಾಗಿರುವ ಮಕ್ಕಳಲ್ಲಿ ಬಹುಪಾಲು ಸಿಕ್ಕಿಬೀಳುವುದು ಹೊರಗಿನ ಸ್ನಾಯುವೇ. ಅಂಥವರಿಗೆ ಹಿಮ್ಮಡಿಯ ದಪ್ಪ ರಜ್ಜನ್ನು ಮುಟ್ಟದೆ, ಮೀನಖಂಡದ ನಡುವಿನಲ್ಲಿ ಆ ಸ್ನಾಯುವಿನ ಪೊರೆಯನ್ನಷ್ಟೇ ಬಿಡಿಸುತ್ತಾರೆ. ಮೇಲೆ ತೊಡೆಯ ಹಿಂಭಾಗದಲ್ಲೂ ತೊಡೆಸಂದಿನಲ್ಲೂ ಎರಡು ಕೀಲು ದಾಟುವ ಸ್ನಾಯುಗಳಿಗೇ ಹೆಚ್ಚು ಏಟು.

ಹಿಂದೆಲ್ಲ ಇವನ್ನು ಒಂದೊಂದಾಗಿ ಮಾಡುತ್ತಿದ್ದರು. ಈ ವರ್ಷ ಹಿಮ್ಮಡಿ; ಅದರಿಂದ ಮಂಡಿ ಬಾಗಿತೆಂದು ಮುಂದಿನ ವರ್ಷ ಮಂಡಿಯ ಹಿಂಭಾಗ; ಅದರ ಮುಂದಿನ ವರ್ಷ ತೊಡೆಸಂದು. ಟೊರಾಂಟೊದ ಮೂಳೆತಜ್ಞ ಮರ್ಸರ್ ರ್‍ಯಾಂಗ್ ಇದಕ್ಕೆ 'ಹುಟ್ಟುಹಬ್ಬದ ಸಿಂಡ್ರೋಮ್' ಎಂದು ಹೆಸರಿಟ್ಟರು, ಏಕೆಂದರೆ ಮಗುವಿನ ಪ್ರತಿ ಹುಟ್ಟುಹಬ್ಬವೂ ಆಸ್ಪತ್ರೆಯಲ್ಲೇ ಕಳೆಯುತ್ತಿತ್ತು. ಈಗ ಒಳ್ಳೆಯ ಕೇಂದ್ರಗಳಲ್ಲಿ ನಡಿಗೆಯನ್ನು ವಿಡಿಯೊ ಮಾಡಿ, ಅನುಕೂಲವಿದ್ದರೆ ನಡಿಗೆ ಪ್ರಯೋಗಾಲಯದಲ್ಲಿ ಅಳೆದು, ಸೊಂಟದಿಂದ ಪಾದದವರೆಗೆ ಬೇಕಾದ ಸ್ನಾಯು, ಮೂಳೆ ಎಲ್ಲವನ್ನೂ ಒಂದೇ ಸಲಕ್ಕೆ ಸರಿಪಡಿಸುತ್ತಾರೆ. ತಿರುಚಿದ ತೊಡೆಮೂಳೆಯನ್ನು ಕುಯ್ದು ತಿರುಗಿಸಿ ಪ್ಲೇಟ್ ಹಾಕುವುದೂ ಇದರಲ್ಲಿ ಸೇರಿರಬಹುದು. ಆಪರೇಷನ್ ಒಂದೇ ಆದರೂ ಚೇತರಿಕೆ ಉದ್ದ. ಮೊದಲ ತಿಂಗಳುಗಳಲ್ಲಿ ಮಗು ಆಪರೇಷನ್‌ಗೆ ಮುಂಚಿನದಕ್ಕಿಂತ ದುರ್ಬಲವಾಗಿ ಕಾಣುತ್ತದೆ, ಲಾಭ ಕಣ್ಣಿಗೆ ಬೀಳಲು ವರ್ಷವೇ ಹಿಡಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಮೂರನೆಯ ತಿಂಗಳಿಗೇ ಕಂಗಾಲಾಗುತ್ತಾರೆ.

ಇನ್ನು ಬೆನ್ನಿನ ಮಾತು. 1898ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡುತ್ತ, ಮಿದುಳಿನ ಮೇಲ್ಭಾಗದ ಸಂಪರ್ಕ ಕಡಿದಾಗ ಕಾಲುಗಳು ಕೊರಡಿನಂತೆ ಸೆಟೆದದ್ದನ್ನೂ ಬೆನ್ನುಹುರಿಯ ಹಿಂಬದಿಯ ನರಬೇರು ಕತ್ತರಿಸಿದೊಡನೆ ಆ ಸೆಡೆತ ಇಳಿದದ್ದನ್ನೂ ಕಂಡರು. ಹತ್ತು ವರ್ಷದೊಳಗೆ ಅಂದಿನ ಜರ್ಮನಿಯ ಬ್ರೆಸ್ಲೌ ನಗರದ ಓಟ್‌ಫ್ರಿಡ್ ಫೋರ್ಸ್ಟರ್ ಇದನ್ನು ಮನುಷ್ಯರಿಗೆ ಅನ್ವಯಿಸಿದರು. (ಮುಂದೆ ಲೆನಿನ್ನನ ಕೊನೆಯ ವರ್ಷಗಳಲ್ಲಿ ಚಿಕಿತ್ಸೆ ನೀಡಿದ ನರವೈದ್ಯರಲ್ಲಿ ಇವರೂ ಒಬ್ಬರು.) ತರ್ಕ ಸರಳ: ಸುತ್ತಿನ ಒಳಬರುವ ದಾರಿಯನ್ನು ತುಂಡರಿಸಿದರೆ ಬಿಗಿತ ಇಳಿಯಬೇಕು; ಹೊರಹೋಗುವ ದಾರಿಯನ್ನು ಮುಟ್ಟದಿದ್ದರೆ ಲಕ್ವ ಆಗಬಾರದು. ಬಿಗಿತವೇನೋ ಇಳಿಯಿತು. ಆದರೆ ಹಿಂಬದಿಯ ಬೇರಿನಲ್ಲಿ ಬರುವುದು ಸ್ನಾಯುವಿನ ಸುದ್ದಿ ಮಾತ್ರವಲ್ಲ. ಸ್ಪರ್ಶ, ನೋವು, ಪಾದ ಎಲ್ಲಿದೆ ಎಂಬ ಅರಿವು ಎಲ್ಲವೂ ಅದರಲ್ಲೇ ಬರುತ್ತದೆ. ಇಡೀ ಬೇರು ಕಡಿದರೆ ಕಾಲು ಜೋಮು ಹಿಡಿದಂತಾಗುತ್ತದೆ. ಆಪರೇಷನ್ ಮೂಲೆಗೆ ಬಿತ್ತು.

ಅದು ಮತ್ತೆ ಬಂದದ್ದು 1960ರ ದಶಕದಲ್ಲಿ. ಫ್ರಾನ್ಸಿನ ಮಾಂಪೆಲ್ಲಿಯೆಯ ಕ್ಲಾಡ್ ಗ್ರೋ ಬೇರನ್ನು ಪೂರ್ತಿ ಕಡಿಯದೆ ಒಂದಿಷ್ಟು ಎಳೆಗಳನ್ನು ಉಳಿಸತೊಡಗಿದರು. 70ರ ದಶಕದಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಫಾಸಾನೊ, ಯಾವ ಎಳೆ ಕಡಿಯಬೇಕೆಂದು ತಿಳಿಯಲು ಒಂದೊಂದಕ್ಕೂ ವಿದ್ಯುತ್ ಕೊಟ್ಟು ಕಾಲಿನ ಪ್ರತಿಕ್ರಿಯೆ ನೋಡಿದರು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ವಾರ್ವಿಕ್ ಪೀಕಾಕ್ 80ರ ದಶಕದ ಆರಂಭದಲ್ಲಿ ಕತ್ತರಿಸುವ ಜಾಗವನ್ನೇ ಕೆಳಕ್ಕೆ, ನರಬೇರುಗಳು ಒಂದೊಂದಾಗಿ ಗುರುತು ಸಿಗುವ ಸೊಂಟದ ಭಾಗಕ್ಕೆ ಇಳಿಸಿದರು. ಮೂತ್ರಕೋಶದ ನರಗಳಿಗೆ ಕೈತಪ್ಪಿ ಏಟು ಬೀಳುವ ಅಪಾಯ ಇದರಿಂದ ತಗ್ಗಿತು. ಅವರು ಅಮೆರಿಕಕ್ಕೆ ಹೋದ ಮೇಲೆ ವಿದ್ಯೆ ಅಲ್ಲಿ ಹಬ್ಬಿತು. ಸೇಂಟ್ ಲೂಯಿಸ್‌ನ ಟಿ.ಎಸ್. ಪಾರ್ಕ್ 1991ರಿಂದ ಬೆನ್ನುಮೂಳೆಯ ಒಂದೇ ಮಣಿಯ ಹಿಂಭಾಗ ತೆರೆದು ಇದನ್ನು ಮಾಡುವ ಕ್ರಮ ರೂಢಿಸಿದರು. ಇದರ ಹೆಸರು ಸೆಲೆಕ್ಟಿವ್ ಡಾರ್ಸಲ್ ರೈಜಾಟಮಿ, ಅಂದರೆ ಹಿಂಬದಿಯ ನರಬೇರನ್ನು ಆರಿಸಿ ಕಡಿಯುವುದು; ಚುಟುಕಾಗಿ ಎಸ್.ಡಿ.ಆರ್.

ಟೇಬಲ್ ಮೇಲೆ ನಡೆಯುವುದು ಹೀಗೆ. ಮಗುವನ್ನು ಬೋರಲು ಮಲಗಿಸುತ್ತಾರೆ. ಎರಡೂ ಕಾಲಿನ ಮುಖ್ಯ ಸ್ನಾಯುಗಳಿಗೆ ತೆಳ್ಳನೆಯ ಸೂಜಿಗಳನ್ನು ಚುಚ್ಚಿ, ಸ್ನಾಯುವಿನ ವಿದ್ಯುತ್ ಮಿಡಿತ ದಾಖಲಿಸುವ ಇ.ಎಂ.ಜಿ. ಯಂತ್ರಕ್ಕೆ ಜೋಡಿಸುತ್ತಾರೆ. ಸ್ನಾಯುಗಳ ಪ್ರತಿಕ್ರಿಯೆ ನೋಡಬೇಕಿರುವುದರಿಂದ, ಅರಿವಳಿಕೆ ತಜ್ಞರು ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಅಷ್ಟು ಹೊತ್ತಿಗೆ ಇಳಿದಿರುವಂತೆ ನೋಡಿಕೊಳ್ಳುತ್ತಾರೆ. ಸೊಂಟದ ಮೇಲೆ ಸಣ್ಣ ಗಾಯ ಮಾಡಿ, ಮೂಳೆ ತೆರೆದು, ಬೆನ್ನುಹುರಿಯ ಹೊದಿಕೆ ಸೀಳಿದಾಗ ಹುರಿ ಮುಗಿಯುವಲ್ಲಿ ನರಬೇರುಗಳು ಕಾಣುತ್ತವೆ. ಸೂಕ್ಷ್ಮದರ್ಶಕದಡಿ ಹಿಂಬದಿಯ ಬೇರುಗಳನ್ನು ಮುಂಬದಿಯವುಗಳಿಂದ ಬೇರ್ಪಡಿಸಿ, ಪ್ರತಿ ಬೇರನ್ನೂ ಮೂರರಿಂದ ಐದು ಎಳೆಗಳಾಗಿ ಸೀಳುತ್ತಾರೆ. ಒಂದೊಂದು ಎಳೆಯನ್ನೂ ಕೊಕ್ಕೆಯಂಥ ಸಲಕರಣೆಯಲ್ಲಿ ಎತ್ತಿ ವಿದ್ಯುತ್ ಹರಿಸುತ್ತಾರೆ. ಆ ಎಳೆಗೆ ಸೇರಿದ ಸ್ನಾಯು ಮಾತ್ರ ಮಿಡಿದರೆ ಉಳಿಸುತ್ತಾರೆ; ತೊಡೆ, ಮೀನಖಂಡ, ಇನ್ನೊಂದು ಬದಿಯ ಕಾಲೂ ಕೂಡ ಎದ್ದು ಕುಣಿದರೆ ಕತ್ತರಿಸುತ್ತಾರೆ. ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಎಳೆ ಕತ್ತರಿಸುವ ಕೇಂದ್ರಗಳಿವೆ, ಅಷ್ಟು ಕತ್ತರಿಸದವೂ ಇವೆ. ಈ ವಿದ್ಯುತ್ ಪರೀಕ್ಷೆ ನಿಜಕ್ಕೂ 'ಕೆಟ್ಟ' ಎಳೆಯನ್ನು ಗುರುತಿಸುತ್ತದೆಯೇ, ಅಥವಾ ಒಟ್ಟಾರೆ ಇಷ್ಟು ಪಾಲು ಕಡಿದರೆ ಬಿಗಿತ ಇಳಿಯುವುದಷ್ಟೇ ನಿಜವೇ ಎಂಬ ವಾದ ಸರ್ಜನ್‌ಗಳ ನಡುವೆ ಇನ್ನೂ ಮುಗಿದಿಲ್ಲ.

ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ, ಬಿಗಿತ ಶಾಶ್ವತವಾಗಿ ಇಳಿಯುತ್ತದೆ. ಎಲ್ಲ ಎಡವಟ್ಟು ಇರುವುದೂ ಇಲ್ಲೇ. ಕೆಲವು ಮಕ್ಕಳು ನಿಂತಿರುವುದೇ ಬಿಗಿತದ ಬಲದಿಂದ. ಗೊನೆ ಬಿಟ್ಟ ಬಾಳೆಗೆ ಕೊಟ್ಟ ಊರೆಗೋಲನ್ನು ಕಿತ್ತರೆ ಗಿಡ ವಾಲುವಂತೆ, ತೊಡೆಯಲ್ಲಿ ಸ್ವಂತ ಶಕ್ತಿ ಇಲ್ಲದ ಮಗುವಿನ ಬಿಗಿತ ತೆಗೆದರೆ ಇದ್ದ ನಿಲುವೂ ಹೋಗುತ್ತದೆ. ಆದ್ದರಿಂದಲೇ ಆಯ್ಕೆ ಬಿಗಿ: ಅವಧಿಗೆ ಮುಂಚೆ ಹುಟ್ಟಿ, ಕಾಲಿಗಷ್ಟೇ ಬಿಗಿತವಿದ್ದು, ಕುಳಿತಲ್ಲಿಂದ ಏಳುವಷ್ಟು ಶಕ್ತಿಯಿರುವ, ಹೇಳಿದ ವ್ಯಾಯಾಮ ಮಾಡುವಷ್ಟು ತಿಳಿವಳಿಕೆಯಿರುವ ಚಿಕ್ಕ ಮಕ್ಕಳು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2018ರಲ್ಲಿ ಇದರ ಖರ್ಚು ಕೊಡಲು ಒಪ್ಪಿದಾಗ 3ರಿಂದ 9 ವರ್ಷದವರೆಗಿನ, ಸೆರೆಬ್ರಲ್ ಪಾಲ್ಸಿಯಲ್ಲಿ ಚಲನೆಯ ತೊಂದರೆ ಅಳೆಯುವ 5 ಹಂತಗಳಲ್ಲಿ 2 ಮತ್ತು 3ರಲ್ಲಿರುವ ಮಕ್ಕಳಿಗೆಂದು ಗೆರೆ ಎಳೆಯಿತು. ಎರಡನೆಯ ಹಂತವೆಂದರೆ ತಾನೇ ನಡೆದರೂ ಮೆಟ್ಟಿಲಿಗೆ ಕಂಬಿ ಬೇಕಾಗುವ ಮಗು. ಮೂರನೆಯದು ವಾಕರ್ ಹಿಡಿದು ನಡೆಯುವ ಮಗು. ಅದಕ್ಕೂ ಮೊದಲು ಅಲ್ಲಿನ ಎಷ್ಟೋ ಕುಟುಂಬಗಳು ಚಂದಾ ಎತ್ತಿ ಸೇಂಟ್ ಲೂಯಿಸ್‌ಗೆ ವಿಮಾನ ಹತ್ತುತ್ತಿದ್ದವು.

ಹುಟ್ಟಿದಾಗ ಕಾಮಾಲೆ ತಲೆಗೇರಿ ಮಿದುಳಿನ ಒಳಗಂಟುಗಳಿಗೆ ಪೆಟ್ಟಾದ ಮಕ್ಕಳ ವಿಷಯ ಬೇರೆ. ಅವರ ಮೈ ಒಮ್ಮೆ ಸೆಟೆಯುತ್ತದೆ, ಒಮ್ಮೆ ಸಡಿಲವಾಗುತ್ತದೆ, ಬಯಸದೆಯೇ ತಿರುಚುತ್ತದೆ. ಅದು ಹಿಗ್ಗುವಿಕೆಯ ಸುತ್ತಿನಿಂದ ಬಂದ ಬಿಗಿತವಲ್ಲ, ಡಿಸ್ಟೋನಿಯ. ಅವರಿಗೆ ಬೇರು ಕತ್ತರಿಸಿ ಪ್ರಯೋಜನವಿಲ್ಲ.

ಎಸ್.ಡಿ.ಆರ್. ಮಾಡಿಸಿದರೆ ಎಷ್ಟು ಲಾಭ? 1990ರ ದಶಕದಲ್ಲಿ ವ್ಯಾಂಕೂವರ್, ಟೊರಾಂಟೊ, ಸಿಯಾಟಲ್ ಮೂರು ಕಡೆ ಚೀಟಿ ಎತ್ತಿದಂತೆ ಮಕ್ಕಳನ್ನು ಹಂಚಿ, ಒಂದು ಗುಂಪಿಗೆ ಆಪರೇಷನ್ ಮತ್ತು ಫಿಸಿಯೋಥೆರಪಿ, ಇನ್ನೊಂದಕ್ಕೆ ಫಿಸಿಯೋಥೆರಪಿ ಮಾತ್ರ ಕೊಟ್ಟು ಹೋಲಿಸಿದರು. ಬಿಗಿತ ಇಳಿದದ್ದರಲ್ಲಿ ಅನುಮಾನವೇ ಇರಲಿಲ್ಲ. ಚಲನೆಯ ಸಾಮರ್ಥ್ಯದಲ್ಲಿ ಮಾತ್ರ, ಮೂರನ್ನೂ ಕೂಡಿಸಿ ನೋಡಿದಾಗ, ಆಪರೇಷನ್ ಆದವರು ನೂರರ ಅಳತೆಯಲ್ಲಿ ಸುಮಾರು 4 ಅಂಕ ಮುಂದಿದ್ದರು. ಮೂರೂ ಸೇರಿ ನೂರು ಮಕ್ಕಳೂ ಇರಲಿಲ್ಲ ಎಂಬುದನ್ನೂ ಮರೆಯಬಾರದು. ವಿಡಿಯೊಗಳಲ್ಲಿ ಕಾಣುವಂತೆ ವಾಕರ್ ಬಿಸಾಕಿ ಓಡುವ ಮಕ್ಕಳಿಲ್ಲವೆಂದಲ್ಲ. ಸರಾಸರಿ ಮಗು ಅದಲ್ಲ.

ಪಂಪ್ ವಿಷಯ ಇಷ್ಟು ಉದ್ದ ಬೇಡ. ಬ್ಯಾಕ್ಲೊಫೆನ್ ಎಂಬ ಔಷಧ ಬಾಯಲ್ಲಿ ನುಂಗಿದರೆ ಬೆನ್ನುಹುರಿಗೆ ಸೇರುವುದು ಕಡಿಮೆ, ಮಂಪರು ಬರುವುದೇ ಹೆಚ್ಚು. 1984ರಲ್ಲಿ ಷಿಕಾಗೋದ ರಿಚರ್ಡ್ ಪೆನ್ ಮತ್ತು ಜೆಫ್ರಿ ಕ್ರೋಯಿನ್ ಅದನ್ನು ನೇರ ಬೆನ್ನುಹುರಿಯ ನೀರಿಗೇ ಹನಿಸುವ ದಾರಿ ತೋರಿದರು. ಮಿಲಿಗ್ರಾಂ ಲೆಕ್ಕದ ಔಷಧ ಮೈಕ್ರೊಗ್ರಾಂಗೆ ಇಳಿಯಿತು. ಅಂಗೈಯಗಲದ ಪಂಪ್ ಹೊಟ್ಟೆಯ ಚರ್ಮದಡಿ ಕೂರುತ್ತದೆ, ತೆಳುವಾದ ಕೊಳವೆ ಬೆನ್ನಿಗೆ ಹೋಗುತ್ತದೆ. ಬೇಕಾದಂತೆ ಪ್ರಮಾಣ ಹೆಚ್ಚುಕಡಿಮೆ ಮಾಡಬಹುದು, ಬೇಡವೆಂದರೆ ತೆಗೆಯಬಹುದು. ಬೆನ್ನುಹುರಿಗೆ ಪೆಟ್ಟಾದ ದೊಡ್ಡವರಿಗೂ ನಡೆಯಲಾಗದಷ್ಟು ಬಿಗಿತವಿರುವ ಮಕ್ಕಳಿಗೂ ಇದು ಸಲ್ಲುತ್ತದೆ. ಆದರೆ ಕೆಲವು ತಿಂಗಳಿಗೊಮ್ಮೆ ಸೂಜಿಯಿಂದ ಔಷಧ ತುಂಬಿಸಲೇಬೇಕು, ಬ್ಯಾಟರಿ ಮುಗಿದಾಗ ಪಂಪನ್ನೇ ಬದಲಿಸಬೇಕು. ಔಷಧ ಹಠಾತ್ತನೆ ನಿಂತರೆ ತುರಿಕೆ, ವಿಪರೀತ ಜ್ವರ, ಮೈಯೆಲ್ಲ ಸೆಡೆತ ಬಂದು ಜೀವಕ್ಕೇ ಸಂಚಕಾರ. ಔಷಧ ತುಂಬುವ ಆಸ್ಪತ್ರೆ ರಾತ್ರಿ ಬಸ್ಸಿನ ದಾರಿಯಷ್ಟು ದೂರವಿರುವ ಮನೆಗೆ ನಾನಂತೂ ಇದನ್ನು ಹಗುರವಾಗಿ ಹೇಳಲಾರೆ.

ನಡೆಯದ ಮಕ್ಕಳ ವಿಷಯದಲ್ಲಿ ಜನ ಮರೆಯುವುದು ಸೊಂಟದ ಕೀಲನ್ನು. ತೊಡೆಯ ಒಳಬದಿಯ ಸ್ನಾಯುಗಳು ವರ್ಷಗಟ್ಟಲೆ ಕಾಲನ್ನು ಒಳಕ್ಕೆ ಎಳೆಯುತ್ತಿದ್ದರೆ ತೊಡೆಮೂಳೆಯ ತಲೆ ನಿಧಾನವಾಗಿ ಬಟ್ಟಲಿನಿಂದ ಹೊರಜಾರುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಈ ಜಾರುವಿಕೆ ಇರುತ್ತದೆ. ಪೂರ್ತಿ ಎತ್ತಿಕೊಂಡೇ ಓಡಾಡಿಸಬೇಕಾದ ಐದನೆಯ ಹಂತದವರಲ್ಲಿ ಹತ್ತಕ್ಕೆ ಒಂಬತ್ತರಷ್ಟು. ಮಾತು ಬಾರದ ಮಗು ನೋವಿದೆ ಎಂದು ಹೇಳುವುದಿಲ್ಲ. ರಾತ್ರಿ ಅಳುತ್ತದೆ, ಚಡ್ಡಿ ಬದಲಿಸುವಾಗ ಕಿರುಚುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಂದು ಸೊಂಟದ ಎಕ್ಸ್‌ರೇ ತೆಗೆಸಿದರೆ ಜಾರುವಿಕೆ ಮೊದಲೇ ಗೊತ್ತಾಗಿ, ಒಳತೊಡೆಯ ಸ್ನಾಯು ಬಿಡಿಸುವ ಸಣ್ಣ ಆಪರೇಷನ್‌ನಲ್ಲೇ ಕೆಲವರಿಗಾದರೂ ಮುಗಿಯಬಹುದು. ತಡವಾದರೆ ಮೂಳೆಯನ್ನೇ ಕುಯ್ಯಬೇಕು. ಇಲ್ಲಿ ಗುರಿ ನಡಿಗೆಯಲ್ಲ: ಗಾಲಿಕುರ್ಚಿಯಲ್ಲಿ ನೋವಿಲ್ಲದೆ ಕೂರುವುದು, ಕಾಲು ಅಗಲಿಸಿ ತೊಳೆಯಲಾಗುವುದು, ರಾತ್ರಿ ನಿದ್ದೆ.

ನಮ್ಮಲ್ಲಿ ಆಪರೇಷನ್ ತಾರೀಖು ಮೊದಲು ಗೊತ್ತಾಗುತ್ತದೆ, ಆಮೇಲೆ ವ್ಯಾಯಾಮ ಮಾಡಿಸುವವರು ಯಾರು ಎಂಬುದು ಕೊನೆಗೆ. ಅದು ತಿರುವುಮುರುವಾಗಬೇಕು. ಎಸ್.ಡಿ.ಆರ್. ಆದ ಮಗುವಿನ ಕಾಲು ಮೊದಲ ವಾರಗಳಲ್ಲಿ ಬತ್ತಿಹೋದಂತೆ ಜೋಲುತ್ತದೆ, ಅಂಗಾಲು ಮುಟ್ಟಿದರೆ ಚುರುಗುಟ್ಟುತ್ತದೆ. ಬಿಗಿತದ ಕೆಳಗೆ ಅಡಗಿದ್ದ ನಿಶ್ಶಕ್ತಿ ಹೊರಬಿದ್ದಿರುತ್ತದೆ. ಅದನ್ನು ಶಕ್ತಿಯಾಗಿಸುವುದು ತಿಂಗಳುಗಟ್ಟಲೆ, ವಾರದ ಹೆಚ್ಚಿನ ದಿನ ನಡೆಯುವ ವ್ಯಾಯಾಮ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಸಂಸ್ಥೆಗಳಿವೆ; ತಾಲ್ಲೂಕಿನಲ್ಲಿ ಯಾರಿದ್ದಾರೆಂದು ಮೊದಲೇ ಹುಡುಕಿಟ್ಟುಕೊಳ್ಳಬೇಕು. ಅಂಗವೈಕಲ್ಯ ಪ್ರಮಾಣಪತ್ರವಿದ್ದರೆ ಕೇಂದ್ರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ವಿಮೆಗೆ ಸೆರೆಬ್ರಲ್ ಪಾಲ್ಸಿ ಇರುವವರು ಸೇರಬಹುದು. ಅದರ 1 ಲಕ್ಷ ರೂಪಾಯಿ ಮಿತಿಯೊಳಗೆ ಆಪರೇಷನ್ನಿಗಷ್ಟೇ ಅಲ್ಲ, ಥೆರಪಿಗೂ ಒಂದು ಪಾಲಿದೆ. ಆ ಪಾಲು ಎಷ್ಟೆಂದು ಅರ್ಜಿ ತುಂಬುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.